ಚೌಕಳಿ ಚೀಲ

ಹೆಗ್ಗನಹಳ್ಳಿ ಕ್ರಾಸ್, ಬೆಂಗಳೂರು
22-02-2026, ಭಾನುವಾರ ಮಧ್ಯಾಹ್ನ

ಮಾನಸಳ ಅಪ್ಪನಿಗೆ ವನಜಾಕ್ಷಿಯ ನಮಸ್ಕಾರ.

ಇಲ್ಲಿ ನಾನು ಕ್ಷೇಮ. ಅಲ್ಲಿ ನೀವು ಬಲು ಕ್ಷೇಮವಾಗಿದ್ದೀರಿ ಎಂದು ನಾಲ್ಕು ಕಡೆಯಿಂದ ಸುದ್ದಿ ಬಂದಿದೆ, ಆದ್ದರಿಂದ ಅದನ್ನು ಕೇಳುವುದಿಲ್ಲ.

ಕೈಯಲ್ಲಿ ಫೋನ್ ಇಟ್ಟುಕೊಂಡು ಇವಳೇಕೆ ಕಾಗದ ಬರೆಯುತ್ತಾಳೆ ಎಂದು ನಿಮಗೆ ಅನ್ನಿಸಬಹುದು. ಫೋನಿನಲ್ಲಿ ನೀವು ಮೂರೇ ಮಾತು ಕಲಿತಿದ್ದೀರಿ. ಒಂದು 'ಹೂಂ'. ಇನ್ನೊಂದು 'ಸಿಗ್ನಲ್ ಇಲ್ಲ ಕಣೇ'. ಮತ್ತೊಂದು 'ಆಟೋದಾಗಿದೀನಿ, ಆಮೇಲ್ ಮಾಡ್ತೀನಿ'. ಆ ಆಮೇಲೆ ಎನ್ನುವುದು ನಮ್ಮ ಶಿವನಿ ಸ್ಟೇಷನ್ನಿನಲ್ಲಿ ನಿಲ್ಲದ ರೈಲಿನ ಹಾಗೆ, ಬರುವುದು ಕಾಣುತ್ತದೆ, ನಿಲ್ಲುವುದಿಲ್ಲ. ನಾನು ದನಿ ಏರಿಸೋಣವೆಂದರೆ ಕೋಣೆಯಲ್ಲಿ ಜೊತೆಗಿರುವ ಹುಡುಗಿಯರು ಪಾತ್ರೆ ತೊಳೆಯುವುದನ್ನು ನಿಲ್ಲಿಸಿ ಕಿವಿ ಕೊಡುತ್ತಾರೆ. ಕಾಗದವಾದರೆ ನೀವು ಕಟ್ ಮಾಡುವ ಹಾಗಿಲ್ಲ. ಕೊನೆಯವರೆಗೂ ಓದಬೇಕು.

ಇದನ್ನು ಪ್ರಕಾಶನ ಕೈಯಲ್ಲೇ ಕಳಿಸಬೇಕಾಗಿದೆ. ಪೀಣ್ಯದಲ್ಲಿ ಲೇತ್ ಕೆಲಸ ಮಾಡುವ ಅವನು ಹೋದ ವಾರ ತಾನೇ ಊರಿಗೆ ಹೋಗಿಬಂದ. ಅಕ್ಕನ ಮಗುವಿನ ನಾಮಕರಣವೆಂದು ಇವತ್ತು ಸಂಜೆ ಮತ್ತೆ ಹೊರಟಿದ್ದಾನೆ. ಅವನು ಚಡ್ಡಿ ಹಾಕುವ ಕಾಲದಿಂದ ನಿಮ್ಮ ಗೆಳೆಯ, ಅಂದರೆ ಅವನ ಮೇಲೂ ನನಗೆ ನಂಬಿಕೆಯಿಲ್ಲ. ದಾರಿಯಲ್ಲಿ ಅವನು ಓದದಿರಲಿ ಎಂದು ಒಂದು ಉಪಾಯ ಮಾಡಿದ್ದೇನೆ. ಅದನ್ನು ಕೊನೆಗೆ ಹೇಳುತ್ತೇನೆ.

ಮೊದಲು ಫ್ಯಾಕ್ಟರಿಯ ಸುದ್ದಿ. ನಮ್ಮ ಗಾರ್ಮೆಂಟ್ಸ್ ಮುಚ್ಚುತ್ತಿದೆ. ಬಾಯಿಬಿಟ್ಟು ಹೇಳಿದ್ದು ಮೊನ್ನೆ ಮೊನ್ನೆ, ಆದರೆ ಸಂಕ್ರಾಂತಿಯಿಂದಲೇ ನಮಗೆಲ್ಲ ವಾಸನೆ ಬಡಿದಿತ್ತು. ಮೊದಲು ಓಟಿ ನಿಂತಿತು. ಆಮೇಲೆ ಸ್ಯಾಂಪಲ್ ರೂಮಿನ ಮಾಸ್ಟರ್ ಕಾಣೆಯಾದರು, ಕೇಳಿದರೆ ರಜೆ ಎಂದರು. ಒಂದು ದಿನ ಎಲ್ಲರೂ ಕೆಲಸ ಮಾಡುತ್ತಿರುವಾಗಲೇ ಮೆಕ್ಯಾನಿಕ್ ಬಂದು ಹಿಂದಿನ ಲೈನಿನ ಮಷೀನುಗಳಿಗೆ ಎಣ್ಣೆ ಬಿಟ್ಟು, ಪ್ಲಾಸ್ಟಿಕ್ ಸುತ್ತಿ, ಮೇಲೆ ಚಾಕ್‌ಪೀಸಿನಲ್ಲಿ ನಂಬರ್ ಬರೆದ. ಸರ್ವಿಸ್ ಅಂದ. ಸರ್ವಿಸ್ ಮಾಡಿದ ಮಷೀನನ್ನು ಯಾರಾದರೂ ಮದುವೆ ಹೆಣ್ಣಿನ ಹಾಗೆ ಸುತ್ತಿಡುತ್ತಾರೆಯೇ? ಎರಡು ವರ್ಷದಲ್ಲಿ ಒಮ್ಮೆಯೂ ನಗದ ಎಚ್‌ಆರ್ ಮೇಡಂ ಕ್ಯಾಂಟೀನಿನ ಬಾಗಿಲಲ್ಲಿ ನಿಂತು 'ಊಟ ಆಯ್ತಾಮ್ಮ' ಎಂದು ಕೇಳಿದ ದಿನ ನನಗೆ ಖಾತ್ರಿಯಾಯಿತು. ಕಾರಣವಿಲ್ಲದೆ ನಗುವವರನ್ನು ನಾನು ನಂಬುವುದಿಲ್ಲ, ಅದು ನಿಮಗೂ ಗೊತ್ತಿರಲಿ.

ಬೆಂಗಳೂರಿನ ಆರೋಗ್ಯ ಹೇಗಿದೆ ಎಂದು ತಿಳಿಯಬೇಕಾದರೆ ಗೇಟಿನ ಹೊರಗೆ ಹೂ ಮಾರುವ ಕಲ್ಲಮ್ಮನನ್ನು ಕೇಳಬೇಕು. ಮೊದಲೆಲ್ಲ ಶಿಫ್ಟ್ ಬಿಟ್ಟ ಗಳಿಗೆಯಲ್ಲೇ ಅವಳ ಬುಟ್ಟಿ ಬರಿದಾಗುತ್ತಿತ್ತು. ಈಗ ಮಲ್ಲಿಗೆ ಬುಟ್ಟಿಯಲ್ಲೇ ಬಾಡುತ್ತದೆ. 'ಮೊಳ ತಗೊಳೋ ಹೆಣ್ಮಕ್ಳು ಅರ್ಧ ಮೊಳಕ್ಕೆ ಇಳಿದ್ರೆ ಒಂದು ಫ್ಯಾಕ್ಟ್ರಿ ಬಾಗ್ಲಾಕ್ತದೆ ಕಣವ್ವ, ಹೂವೇ ಬ್ಯಾಡ ಅಂದ್ರೆ ಬೀದಿಗೆ ಬೀದಿನೇ ಬಾಗ್ಲಾಕ್ತದೆ' ಎನ್ನುತ್ತಾಳೆ. ನಮ್ಮ ಬೀದಿಯಲ್ಲಿ ಮನೆ ಮನೆಗೂ ಬಾಡಿಗೆಗಿದೆ ಎಂಬ ಬೋರ್ಡು ಬಿದ್ದಿದೆ. ಒಂದು ಬಿಂದಿಗೆ ನೀರು ಹೆಚ್ಚು ಹಿಡಿದರೆ ಬೈಯುತ್ತಿದ್ದ ಓನರಮ್ಮ ಈಗ ತಾವಾಗಿಯೇ ಬಂದು 'ನೀರು ಬಂದೈತೆ, ಹಿಡ್ಕೊಳ್ರಮ್ಮ' ಎಂದು ಕರೆಯುತ್ತಾರೆ. ಅವರ ಪ್ರೀತಿಯನ್ನೂ ನಾನು ನಂಬುವುದಿಲ್ಲ.

ಕಳೆದ ಶನಿವಾರವಲ್ಲ, ಅದರ ಹಿಂದಿನ ಶನಿವಾರ ಎಲ್ಲರನ್ನೂ ನಿಲ್ಲಿಸಿ ಹೇಳಿದರು. ಬೆಂಗಳೂರಿನಲ್ಲಿ ಖರ್ಚು ತಾಳಲಾಗುತ್ತಿಲ್ಲವಂತೆ. ಕಡೂರು ಕಡೆ ಹೊಸ ಯೂನಿಟ್ ಕಟ್ಟುತ್ತಿದ್ದಾರಂತೆ, ಯುಗಾದಿ ಕಳೆದ ಮೇಲೆ ಶುರುವಂತೆ. ಇಷ್ಟವಿದ್ದವರು ಅಲ್ಲಿಗೆ ಹೋಗಬಹುದು, ಇಲ್ಲದವರು ಲೆಕ್ಕ ಚುಕ್ತಾ ಮಾಡಿಕೊಂಡು ಮನೆಗೆ ಹೋಗಬಹುದು. ಬರುವ ಶನಿವಾರದೊಳಗೆ ಎರಡರಲ್ಲಿ ಒಂದು ಕಾಗದಕ್ಕೆ ಸಹಿ ಹಾಕಬೇಕು. ಹೋಗುವವರಿಗೆ ಸಂಬಳ ಕಡಿಮೆ, ಯಾಕೆಂದರೆ ಆ ಕಡೆ ಬದುಕು ಅಗ್ಗವಂತೆ. ಸೂಜಿ ಅದೇ, ಕಾಲರ್ ಅದೇ, ಶರ್ಟು ತೊಡುವ ಪುಣ್ಯಾತ್ಮನೂ ಅವನೇ. ಹೊಲಿಯುವವಳು ಕಡೂರಿನಲ್ಲಿ ಕೂತರೆ ಮಾತ್ರ ಅಗ್ಗ. ನಮ್ಮ ಲೈನಿನವರು ಸಹಿ ಹಾಕಬಾರದು, ಒಟ್ಟಾಗಿ ಕೇಳೋಣ ಎಂದು ಮಾತಾಡಿಕೊಳ್ಳುತ್ತಿದ್ದಾರೆ.

ಎಲ್ಲರೂ ಕಣ್ಣೊರೆಸಿಕೊಳ್ಳುತ್ತಿದ್ದಾಗ ನನಗೆ ಮಾತ್ರ ಎದೆ ಹಗುರಾಯಿತು. ಸುಳ್ಳು ಯಾಕೆ ಹೇಳಲಿ? ಕಡೂರು ಕಡೆ ಎಂದರೆ ನಮ್ಮ ಕಡೆಯೇ. ಮನೆಯಲ್ಲಿದ್ದುಕೊಂಡು ಕೆಲಸಕ್ಕೆ ಹೋಗಿಬರಬಹುದು. ಸಂಬಳ ಕಡಿಮೆಯಾದರೂ ಬಾಡಿಗೆ ಉಳಿಯುತ್ತದೆ. ಮಾನಸಳಿಗೆ ಬೆಳಿಗ್ಗೆ ನಾನೇ ಜಡೆ ಹಾಕಬಹುದು. ಆ ರಾತ್ರಿ ಗೋಡೆಯ ಕಡೆ ಮುಖ ಮಾಡಿ ಮಲಗಿ, ನಿಮ್ಮ ಆಟೋ ಮನೆಯ ಮುಂದೆ ಬಂದು ನಿಲ್ಲುವ ಸದ್ದನ್ನು ನೆನೆಸಿಕೊಂಡೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆದಿದ್ದೇನೆ, ನೀವು ಏನನ್ನು ಹಾಳು ಮಾಡಿದಿರಿ ಎಂದು ನಿಮಗೆ ತಿಳಿಯಲಿ.

ಆ ಸಂತೋಷಕ್ಕೆ ಒಂದು ಭಾನುವಾರದ ಆಯಸ್ಸು. ಸೋಮವಾರ ಬೆಳಿಗ್ಗೆ ಪ್ರಕಾಶ ಊರಿಂದ ನಿಮ್ಮ ಚೀಲ ತಂದುಕೊಟ್ಟ.

ರಾಗಿ ಹಿಟ್ಟು, ಕೊಬ್ಬರಿ, ಈರುಳ್ಳಿ ಎಲ್ಲ ಚೆನ್ನಾಗಿಯೇ ಇತ್ತು. ಚೀಲ ಮಾತ್ರ ನಮ್ಮದಲ್ಲ. ನಮ್ಮದು ನಿಮ್ಮ ಹಳೆಯ ಖಾಕಿ ಪ್ಯಾಂಟಿನ ಚೀಲ, ಬೆಂಗಳೂರಿಗೆ ಬರುವ ಮುಂಚೆ ನಾನೇ ಹೊಲಿದದ್ದು. ಎರಡು ವರ್ಷದಿಂದ ಅದೇ ಹೋಗುತ್ತಿತ್ತು, ಅದೇ ಬರುತ್ತಿತ್ತು. ಮನೆಯಿಂದ ಬಂದ ಚೀಲವನ್ನು ಬರಿದಾಗಿ ಹಿಂದಿರುಗಿಸಬಾರದು ಎಂದು ಒಮ್ಮೆ ಮಾನಸಳಿಗೆ ರಿಬ್ಬನ್, ಒಮ್ಮೆ ನಿಮಗೆ ಬನಿಯನ್, ಏನೂ ಆಗದಿದ್ದರೆ ಒಂದು ಹಿಡಿ ಸಕ್ಕರೆಯನ್ನಾದರೂ ಕಟ್ಟಿ ಹಾಕಿ ಕಳಿಸುತ್ತಿದ್ದೆ. ಈಗ ಬಂದದ್ದು ಹೊಸ ಚೀಲ. ನೀಲಿ ಬಿಳಿ ಚೌಕಳಿ, ನಡುವೆ ಕೂದಲಿನಷ್ಟು ತೆಳ್ಳಗೆ ಒಂದು ಕೆಂಪು ಎಳೆ. ಆ ಕೆಂಪು ಎಳೆ ಕಂಡದ್ದೇ ನಾನು ಹಿಟ್ಟಿನ ಡಬ್ಬ ಅಲ್ಲೇ ಬಿಟ್ಟು ಕೂತುಬಿಟ್ಟೆ.

ಈ ಬಟ್ಟೆ ಅಜ್ಜಂಪುರದ ಅಂಗಡಿಯಲ್ಲಿ ಸಿಗುವುದಲ್ಲ. ಯಾವ ಊರಿನ ಅಂಗಡಿಯಲ್ಲೂ ಸಿಗುವುದಲ್ಲ. ಇದು ನಮ್ಮ ಲೈನಿಗೆ ಬರಬೇಕಾಗಿದ್ದ ಆರ್ಡರಿನ ಬಟ್ಟೆ. ಇದರ ಸ್ಯಾಂಪಲ್ ಶರ್ಟಿಗೆ ಕಾಲರ್ ಕೂರಿಸಿದವಳು ನಾನೇ. ಕೆಂಪು ಎಳೆ ಕಾಲರಿನ ಎರಡು ತುದಿಗೂ ಸಮನಾಗಿ ಬರಬೇಕು ಎಂದು ಮಾಸ್ಟರ್ ನನ್ನಿಂದ ಮತ್ತೆ ಮತ್ತೆ ಬಿಚ್ಚಿಸಿದ್ದರು. ಆಮೇಲೆ, ಹೊರದೇಶದವರು ಆರ್ಡರ್ ರದ್ದು ಮಾಡಿದರು, ಕೆಲಸವಿಲ್ಲ ಎಂದು ಹೇಳಿ ನಮ್ಮ ಓಟಿ ನಿಲ್ಲಿಸಿದರು. ಆ ರದ್ದಾದ ಬಟ್ಟೆ ಶಿವನಿಯ ನನ್ನ ಮನೆಯಿಂದ ರಾಗಿ ಹಿಟ್ಟು ಹೊತ್ತುಕೊಂಡು ಬಂದಿದೆ.

ಅಂದರೆ ಯುಗಾದಿಗೆ ಶುರು ಎಂದದ್ದು ಶುದ್ಧ ಸುಳ್ಳು, ಹೊಸ ಯೂನಿಟ್ ಆಗಲೇ ನಡೆಯುತ್ತಿದೆ. ನಮಗೆ ಇಲ್ಲಿ ಕೆಲಸವಿಲ್ಲ ಎನ್ನುತ್ತ ಅಲ್ಲಿ ಹೊಸಬರನ್ನು ಕೂರಿಸಿ ನಮ್ಮ ಶರ್ಟುಗಳನ್ನೇ ಅಗ್ಗಕ್ಕೆ ಹೊಲಿಸುತ್ತಿದ್ದಾರೆ. ಅದು ಕಂಪನಿಯ ಮೋಸ, ಅದನ್ನು ಲೈನಿನವರೆಲ್ಲ ಸೇರಿ ನೋಡಿಕೊಳ್ಳುತ್ತೇವೆ. ನನ್ನ ನಿದ್ದೆ ಕೆಡಿಸಿದ್ದು ಬೇರೆ. ಅಲ್ಲಿ ಕೆಲಸ ಮಾಡುವ ಯಾರೋ ಒಬ್ಬಳು, ಕಟಿಂಗಿನಲ್ಲಿ ಉಳಿದ ತುಂಡುಗಳನ್ನು ಜೋಡಿಸಿ ಚೀಲ ಮಾಡಿ, ಅದನ್ನು ನನ್ನ ಅಡುಗೆಮನೆಯವರೆಗೂ ತಂದಿದ್ದಾಳೆ.

ಹೊಲಿಗೆಯನ್ನು ತಿರುಗಿಸಿ ಮುರುಗಿಸಿ ನೋಡಿದೆ. ನೀವು ಮುಖ ನೋಡಿ ಜನರನ್ನು ಗುರುತಿಸುತ್ತೀರಿ, ನಾವು ಹೊಲಿಗೆ ನೋಡಿ ಇಂಥವಳದು ಎನ್ನುತ್ತೇವೆ. ಇವಳ ಮೂಲೆಗಳೆಲ್ಲ ಗುಂಡಗೆ, ಮಷೀನು ನಿಲ್ಲಿಸಿ ತಿರುಗಿಸಲು ಬಾರದೆ ಸುತ್ತು ಹೊಡೆದಿದ್ದಾಳೆ. ಬುಡದ ಒಂದು ಮೂಲೆಯಲ್ಲಿ ಮಡಿಕೆಯೊಳಗೆ ದಾರ ಗಂಟುಗಟ್ಟಿ ಸಣ್ಣ ಉಂಡೆಯಾಗಿದೆ. ನಮ್ಮಲ್ಲಾಗಿದ್ದರೆ ಚೆಕಿಂಗಿನವಳು ಮುಖಕ್ಕೆ ಎಸೆಯುತ್ತಿದ್ದಳು. ಹೊಸಬಳು, ಕಲಿತು ಬಹಳ ದಿನವಾಗಿಲ್ಲ. ಆದರೆ ಎಳೆ ಎಲ್ಲೂ ಸೊಟ್ಟಗಾಗಿಲ್ಲ. ಎಲ್ಲಿ ಭಾರ ಬೀಳುತ್ತದೋ ಅಲ್ಲಿ ಎರಡು ಸಾಲು ಹಾಕಿದ್ದಾಳೆ. ಅಕ್ಕರೆಯಿಂದ ಹೊಲಿದ ಚೀಲ. ನನಗೆ ಉರಿದದ್ದು ಅದಕ್ಕೇ. ಇನ್ನೊಬ್ಬನ ಹೆಂಡತಿಗೆ ಹಿಟ್ಟು ಕಳಿಸಲು ಯಾರು ಇಷ್ಟು ಅಕ್ಕರೆಯಿಂದ ಚೀಲ ಹೊಲಿಯುತ್ತಾರೆ? ಆ ಮನೆ ತನ್ನದೇ ಎಂದುಕೊಂಡವಳು ಮಾತ್ರ.

ಪ್ರಕಾಶನನ್ನು ಕೇಳಿದೆ, ಚೀಲ ಯಾರು ಕೊಟ್ಟರು ಎಂದು. 'ಸಿದ್ದೇಶನೇ ಕೊಟ್ಟ ಕಣಕ್ಕ, ಇನ್ಯಾರು ಕೊಡ್ತಾರೆ' ಎಂದು ಮೇಲೆ ನೋಡಿದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ನಾನು ಕೇಳದೆಯೇ ಇನ್ನೊಂದು ಮಾತನ್ನೂ ಉದುರಿಸಿದ: 'ಮನೇಲೆಲ್ಲ ಚೆನ್ನಾಗವ್ರೆ, ಸಿದ್ದೇಶ ಅಜ್ಜಂಪುರದಾಗೆ ಕನ್ನಡಕ ತಗೊಂಡವ್ನೆ.' ಮೂವತ್ತೆರಡಕ್ಕೆಲ್ಲ ನಿಮಗೆ ಚಾಳೀಸು ಬಂತೇ? ಕತ್ತಲಲ್ಲೂ ಹೆಡ್‌ಲೈಟಿಲ್ಲದೆ ಅಂತರಘಟ್ಟೆಯಿಂದ ಆಟೋ ಓಡಿಸಿಕೊಂಡು ಬರುವ ನಿಮಗೆ? ಯಾರ ಕಣ್ಣಿಗೆ ಚೆಂದ ಕಾಣಲು ಕನ್ನಡಕ ಏರಿಸಿದ್ದೀರಿ ಎಂದು ಪ್ರಕಾಶನನ್ನು ಕೇಳಲಿಲ್ಲ. ನಿಮ್ಮನ್ನೇ ಕೇಳುತ್ತಿದ್ದೇನೆ.

ಇನ್ನು ಮುದ್ದೆಯ ವಿಷಯ. ಜನವರಿಯಲ್ಲಿ ಒಂದು ಬೆಳಿಗ್ಗೆ ನೀವಾಗಿಯೇ ಫೋನ್ ಮಾಡಿ, 'ಮೂರು ಜನಕ್ಕೆ ಮುದ್ದೆಗೆ ಎಸರು ಎಷ್ಟಿಡ್ಬೇಕು?' ಎಂದು ಕೇಳಿದಿರಿ. ಆಗ ನಾನು ನಕ್ಕು ಹೇಳಿಕೊಟ್ಟೆ. ಈಗ ಆ ನಗು ಹುಳಿಯಾಗಿದೆ. ಒಲೆಯ ಹತ್ತಿರ ನಿಮ್ಮನ್ನು ಸುಳಿಯಗೊಡದ ಅತ್ತೆ ಮನೆಯಲ್ಲಿದ್ದರೆ ನೀವೇಕೆ ಎಸರಿಡುತ್ತೀರಿ? ಅವರು ಮನೆಯಲ್ಲಿ ಇಲ್ಲದಿದ್ದರೆ ಮೂರು ಜನ ಯಾರು? ನೀವು ಒಬ್ಬರು, ಮಾನಸ ಒಬ್ಬಳು. ಬಂದವಳಿಗೆ ಮುದ್ದೆ ತೊಳಸಲೂ ಬರುವುದಿಲ್ಲವೇ, ಅಥವಾ ನೀವೇ ಮಾಡಿ ಬಡಿಸುವಷ್ಟು ಸೊಕ್ಕಿನವಳೇ? ನನಗೆ ಒಂದು ದಿನವೂ ಒಂದು ಲೋಟ ಕಾಫಿ ಕಾಸಿಕೊಟ್ಟವರಲ್ಲ ನೀವು.

ಬುಧವಾರ ಸಂಜೆ ಫೋನ್ ಮಾಡಿದಾಗ ನೀವು ಸ್ನಾನಕ್ಕೆ ಹೋಗಿದ್ದಿರಿ. ದೇವರು ದೊಡ್ಡವನು, ಎತ್ತಿದವಳು ಮಾನಸ. ಅಜ್ಜಿ ಎಲ್ಲೇ ಎಂದು ಕೇಳಿದೆ. 'ಇಲ್ಲ' ಅಂದಳು. ಎಲ್ಲಿ ಹೋಗಿದ್ದಾರೆ ಎಂದರೆ 'ಹೇಳ್ಬಾರ್ದು' ಅಂದಳು. ಯಾರು ಹೇಳಬೇಡ ಅಂದರು ಎಂದು ಕೇಳಿದರೆ 'ಎಲ್ರೂವೆ' ಅಂದಳು. ಆಮೇಲೆ ಮಗು, ತಾನಾಗಿಯೇ, ಖುಷಿ ತಡೆಯಲಾರದೆ ಹೇಳಿತು: 'ಅಮ್ಮ, ಹೇಮಕ್ಕ ನಂಗೆ ಬಟ್ಟೆ ಗೊಂಬೆ ಕೊಟ್ಟೈತೆ. ಹೇಮಶ್ರೀ ಅಕ್ಕ. ದಿನಾ ಬತ್ತೈತೆ.' ಅಷ್ಟರಲ್ಲಿ ನಿಮ್ಮ ದನಿ ಕೇಳಿಸಿತು, ಫೋನ್ ಕಟ್ಟಾಯಿತು. ಆಮೇಲೆ ಸಿಗ್ನಲ್ ಇರಲಿಲ್ಲ.

ಅಂತೂ ಹೆಸರು ಸಿಕ್ಕಿತು. ಹೇಮಶ್ರೀ. ಹೆಸರೇನೋ ಚೆನ್ನಾಗಿದೆ.

ಗುರುವಾರ ಮಧ್ಯಾಹ್ನ ಊಟದ ಬಿಡುವಿನಲ್ಲಿ ರೈಲ್ವೆ ಗೇಟಿನ ಹತ್ತಿರ ಅಂಗಡಿ ಇಟ್ಟಿರುವ ಸುಲೋಚನಮ್ಮನಿಗೆ ಫೋನ್ ಮಾಡಿದೆ. ಊರಲ್ಲಿ ಕೋಳಿ ಕೂಗುವ ಮುಂಚೆ ಏಳುವ ಹೆಂಗಸು, ಅವರ ಕಣ್ಣು ತಪ್ಪಿಸಿ ಇರುವೆಯೂ ಹಳಿ ದಾಟುವುದಿಲ್ಲ. ಸಕ್ಕರೆ ಬೆಲೆಯಿಂದ ಶುರು ಮಾಡಿ ನಿಧಾನವಾಗಿ ನಮ್ಮ ಮನೆಗೆ ಬಂದೆ. 'ನಿಮ್ಮನೆ ಮುಂದೆ ಬೆಳಗಾಗೆ ಕಂಪ್ನಿ ವ್ಯಾನ್ ನಿಲ್ತೈತೆ ಕಣವ್ವ' ಅಂದರು. 'ಹೆಂಗಸರ ವ್ಯಾನು. ಸಂಜೆ ಕತ್ಲಾದ್ಮ್ಯಾಲೆ ಇನ್ನೊಂದ್ ಸಾರಿ ನಿಲ್ತೈತೆ. ಯಾರು ಹತ್ತುತಾರೋ, ಯಾರು ಇಳೀತಾರೋ, ನಾ ಕಾಣೆ. ನಂಗ್ಯಾಕವ್ವ ಕಂಡೋರ ಮನೆ ಉಸಾಬರಿ?' ಹೀಗೆಂದು ಕಿಸಕ್ಕನೆ ನಕ್ಕರು. ಕಂಡವರ ಮನೆಯ ಉಸಾಬರಿ ಬೇಡ ಎಂದು ಸುಲೋಚನಮ್ಮ ಅಂದದ್ದನ್ನು ನಾನು ಹುಟ್ಟಿದ ಮೇಲೆ ಮೊದಲ ಸಲ ಕೇಳಿದೆ. ಊರಿಗೆ ಊರೇ ಸೇರಿ ನನ್ನ ಕಣ್ಣಿಗೆ ಬಟ್ಟೆ ಕಟ್ಟಿದೆ.

ಈಗ ಅತ್ತೆಯ ಮಾತು. ನಾನು ಬೆಂಗಳೂರಿಗೆ ಹೊರಟ ದಿನ ಅವರು ಬಾಗಿಲಿಗೆ ಅಡ್ಡ ನಿಂತು ಆಡಿದ್ದು ನಿಮಗೂ ನೆನಪಿದೆ. 'ಗಾರ್ಮೆಂಟ್ಸಿಗೆ ಹೋಗೋ ಹೆಂಗಸ್ರು ಎಂಥೋರು ಅಂತ ಸೀಮೆಗೆಲ್ಲ ಗೊತ್ತು. ಹೋಗು. ಹೋದ್ಮ್ಯಾಲೆ ಈ ಬಾಗ್ಲು ನಿಂದಲ್ಲ.' ನೀವು ಆಟೋದಲ್ಲಿ ಕೂತು ಹ್ಯಾಂಡಲ್ ನೋಡುತ್ತಿದ್ದಿರಿ. ಅವತ್ತಿನಿಂದ ಅತ್ತೆಗೂ ನನಗೂ ನೇರ ಮಾತಿಲ್ಲ. ಹಬ್ಬಕ್ಕೆ ಬಂದರೆ ಅವರು ಗೋಡೆಗೆ ಹೇಳುತ್ತಾರೆ, ನಾನು ಒಲೆಗೆ ಉತ್ತರ ಕೊಡುತ್ತೇನೆ. ಹೋದ ದೀಪಾವಳಿಯಲ್ಲೂ ಹಾಗೇ. 'ಅದೇನೋ ಕಾಲರಂತೆ, ಅದನ್ನ ಕೂರಿಸಾಕೆ ಓದಿರ್ಬೇಕಾ?' ಎಂದು ಗೋಡೆಯನ್ನು ಕೇಳಿದರು. ಓದು ಬೇಡ, ಕೈ ನೆಟ್ಟಗಿದ್ದರೆ ಸಾಕು ಎಂದು ನಾನು ಒಲೆಗೆ ಹೇಳಿದೆ. ಅದರಲ್ಲೂ ನನ್ನನ್ನು ಹಂಗಿಸುವುದೇ.

ಹಾಗೆಂದು ಅವರನ್ನು ಮನೆ ಬಿಡಿಸಿದರೆ ನಾನು ಸುಮ್ಮನಿರುವವಳಲ್ಲ. ಅವರನ್ನು ತರೀಕೆರೆಗೆ, ನಿಮ್ಮ ಅಕ್ಕನ ಮನೆಗೆ ಸಾಗಹಾಕಿದ್ದೀರಿ, ಅಲ್ಲವೇ? ಮಾನಸ ಸಂಕ್ರಾಂತಿಯಲ್ಲೇ ಫೋನಿನಲ್ಲಿ ಹೇಳಿದ್ದಳು, ಈ ವರ್ಷ ಅಜ್ಜಿ ಕೌದಿ ಹೊಲಿಯಲಿಲ್ಲ ಎಂದು. ಆಗಲೇ ನನಗೆ ಹೊಳೆಯಬೇಕಿತ್ತು. ಚಳಿಗಾಲ ಬಂತೆಂದರೆ ಹಳೆಯ ಸೀರೆಗಳನ್ನು ಹರಡಿಕೊಂಡು ಜಗಲಿಯ ತುಂಬ ಕೂರುವ ಹೆಂಗಸು. ಮಾನಸ ಹುಟ್ಟಿದಾಗ ಹೊಲಿದ ಕೌದಿ ನೆನಪಿದೆಯೇ? ಸುತ್ತ ಹೊಲಿದು, ಕೊನೆಯ ಮೂಲೆ ಮುಚ್ಚುವ ಮುಂಚೆ ಒಂದು ಚಿಟಿಕೆ ರಾಗಿ ಒಳಗಿಟ್ಟರು. ಇಲಿ ಬರುತ್ತದೆ ಎಂದು ನಾನು ಗೊಣಗಿದ್ದಕ್ಕೆ, 'ಹಸಿದ ಕೌದಿ ಹೊದೀಬಾರ್ದು ಕಣೇ, ಹೊದ್ದೋರ ಹೊಟ್ಟೆ ಬರಿದಾಯ್ತದೆ' ಅಂದರು. ಇಲಿಯೇನೂ ಬರಲಿಲ್ಲ. ಆ ಕೈ ಸುಮ್ಮನೆ ಕೂತಿದೆ ಎಂದರೆ ಅದು ತನ್ನ ಮನೆಯಲ್ಲಿ ಇಲ್ಲ ಎಂದೇ ಅರ್ಥ. ನಾಳೆ ನನ್ನನ್ನು ಹೊರಗೆ ಹಾಕುವವರು ಇವತ್ತು ಹೆತ್ತ ತಾಯಿಯನ್ನು ಹಾಕಿದರೆ ನನಗೇನೂ ಆಶ್ಚರ್ಯವಿಲ್ಲ.

ಒಟ್ಟು ಕೂಡಿಸಿ ನೋಡಿದರೆ ಹೀಗಾಗುತ್ತದೆ. ಹೇಮಶ್ರೀ ಎನ್ನುವವಳು ಹೊಸ ಯೂನಿಟ್ಟಿನ ಕೆಲಸದವಳು. ಬೆಳಿಗ್ಗೆ ನನ್ನ ಮನೆಯಿಂದ ವ್ಯಾನ್ ಹತ್ತುತ್ತಾಳೆ, ಸಂಜೆ ನನ್ನ ಮನೆಗೆ ಇಳಿಯುತ್ತಾಳೆ. ನಾನು ಸ್ಯಾಂಪಲ್ ಮಾಡಿಕೊಟ್ಟ ಶರ್ಟು ಹೊಲಿಯುತ್ತಾಳೆ, ನಾನು ಹೇಳಿಕೊಟ್ಟ ಎಸರಿನಲ್ಲಿ ನೀವು ತೊಳಸಿದ ಮುದ್ದೆ ಉಣ್ಣುತ್ತಾಳೆ. ನನ್ನ ಮಗಳಿಗೆ ಗೊಂಬೆ ಕೊಡುತ್ತಾಳೆ. ನನ್ನ ಕೆಲಸವನ್ನೂ ನನ್ನ ಮನೆಯನ್ನೂ ಒಬ್ಬಳೇ ತೆಗೆದುಕೊಂಡಿದ್ದಾಳೆ. ನನ್ನ ಖಾಕಿ ಚೀಲವನ್ನೂ ಬಿಡಲಿಲ್ಲ.

ಆದ್ದರಿಂದ ನೇರವಾಗಿ ಕೇಳುತ್ತೇನೆ. ಶನಿವಾರ ನಾನು ಯಾವ ಕಾಗದಕ್ಕೆ ಸಹಿ ಹಾಕಲಿ? ಆ ಮನೆ ಇನ್ನೂ ನನ್ನದಾದರೆ ಕಡಿಮೆ ಸಂಬಳವೋ ಹೆಚ್ಚೋ, ಜಗಳ ಮಾಡಿಯಾದರೂ ಕಡೂರು ಕಡೆಯ ಯೂನಿಟ್ಟಿಗೆ ಬರುತ್ತೇನೆ. ಅಲ್ಲ ಎಂದಾದರೆ ಲೆಕ್ಕ ಚುಕ್ತಾ ಮಾಡಿಕೊಂಡು ಇಲ್ಲೇ ಇರುತ್ತೇನೆ. ಈ ಊರಿಗೆ ಜ್ವರ ಬಂದಿರಬಹುದು, ಸತ್ತಿಲ್ಲ. ನಾಲ್ಕು ಮನೆಯ ಅಡುಗೆ ಮಾಡಿಯಾದರೂ ಬದುಕುತ್ತೇನೆ. ಆದರೆ ಆಗ ಮಾನಸಳನ್ನು ಕರೆದುಕೊಂಡು ಹೋಗಲು ಬರುತ್ತೇನೆ, ಅವತ್ತು ನೀವು ಹ್ಯಾಂಡಲ್ ನೋಡಿಕೊಂಡು ಕೂತರೆ ಆಗುವುದಿಲ್ಲ. ಉತ್ತರ ಶುಕ್ರವಾರದೊಳಗೆ ಬರಬೇಕು. ಹೌದು ಅಥವಾ ಅಲ್ಲ. ಹೂಂ ಎಂದರೆ ನಾನು ಅಲ್ಲ ಎಂದೇ ತಿಳಿಯುತ್ತೇನೆ.

ಉಪಾಯದ ಮಾತು ಹೇಳುತ್ತೇನೆ ಎಂದಿದ್ದೆ. ಈ ಚೌಕಳಿ ಚೀಲದ ಬುಡದ ಮಡಿಕೆ ಬಿಚ್ಚಿ, ಕಾಗದವನ್ನು ಒಳಗಿಟ್ಟು, ಮತ್ತೆ ಹೊಲಿದುಬಿಡುತ್ತೇನೆ. ಆ ಗಂಟುಗಟ್ಟಿದ ಮೂಲೆಯನ್ನು ಹೇಗೂ ಸರಿಮಾಡಲೇಬೇಕು, ಅಂಥ ಕೆಲಸ ನೋಡಿಕೊಂಡಿರಲು ನನ್ನಿಂದಾಗದು. ಮೇಲೆ ಮಾನಸಳಿಗೆ ಸ್ಕೆಚ್ ಪೆನ್ನುಗಳಿರುತ್ತವೆ. ಪ್ರಕಾಶ ತಲುಪಿದ ಮೇಲೆ ಫೋನ್ ಮಾಡಿ 'ಬುಡ ಬಿಚ್ಚಿ' ಎಂದಷ್ಟೇ ಹೇಳುತ್ತೇನೆ. ನಡುವೆ ಬೇರೆ ಯಾರಾದರೂ ಬಿಚ್ಚಿ ಹೊಲಿದಿದ್ದರೆ ಒಂದು ಫೋಟೋ ನೋಡಿದರೂ ನನಗೆ ಗೊತ್ತಾಗುತ್ತದೆ. ನನ್ನ ಹೊಲಿಗೆ ನನಗೆ ಸುಳ್ಳು ಹೇಳುವುದಿಲ್ಲ.

ಇನ್ನೂ ಆಗಿದ್ದರೆ, ನಿಮ್ಮ ಹೆಂಡತಿ,
ವನಜಾಕ್ಷಿ

ತಾ.ಕ.: ಬ್ಲೇಡು ತೆಗೆದುಕೊಂಡು ಬುಡದ ಮೂಲೆ ಬಿಚ್ಚಿದೆ. ಅದು ದಾರದ ಗಂಟಲ್ಲ. ಅಂಗೈಗೆ ರಾಗಿ ಬಿತ್ತು. ಒಂದು ಚಿಟಿಕೆ, ಹಸನು ಮಾಡಿದ ಕಾಳು. ಹಿಟ್ಟಿನ ಚೀಲದಲ್ಲಿ ಕಾಳು ಎಲ್ಲಿಂದ ಬರಬೇಕು? ಮಡಿಕೆಯೊಳಗೆ ಬೇಕೆಂದೇ ಇಟ್ಟು ಹೊಲಿದದ್ದು.

ಕಾಳು ಚೆಲ್ಲದ ಹಾಗೆ ಅಂಗೈ ಮುಚ್ಚಿಕೊಂಡೆ. ಪಕ್ಕದ ಹುಡುಗಿ ಏನಾಯ್ತಕ್ಕ ಎಂದಳು. ಅಂಗೈ ಬಿಚ್ಚಿ ತೋರಿಸಿದೆ.

ಕನ್ನಡಕ ನಿಮಗಲ್ಲ. ಸೂಜಿಗೆ ದಾರ ಪೋಣಿಸಲು. ಕೌದಿಗೆ ಈ ವರ್ಷ ಬಿಡುವಾಗಲಿಲ್ಲ. ಮೂಲೆ ಗುಂಡಗಾದದ್ದು ಕೌದಿಯನ್ನು ಸುತ್ತ ಸುತ್ತ ಹೊಲಿದ ಕೈಗೆ ನಿಲ್ಲುವುದು ಗೊತ್ತಿಲ್ಲದ್ದರಿಂದ. ಮೂರನೆಯವರು ಕತ್ತಲಾದ ಮೇಲೆ ವ್ಯಾನಿನಿಂದ ಇಳಿದು, ಮಗ ತೊಳಸಿದ ಗಂಟು ಗಂಟು ಮುದ್ದೆಯನ್ನು ಉಂಡು ಮಲಗುತ್ತಾರೆ. ಸುಲೋಚನಮ್ಮ ಯಾಕೆ ನಕ್ಕರೆಂದೂ ಈಗ ತಿಳಿಯಿತು. ಅತ್ತೆ ಎಲ್ಲರ ಹತ್ತಿರ ಆಣೆ ಹಾಕಿಸಿಕೊಂಡಿದ್ದಾರೆ, ಅಲ್ಲವೇ? 'ಅವಳಿಗೆ ಹೇಳ್ಬ್ಯಾಡಿ, ನಗ್ತಾಳೆ' ಎಂದಿರಬೇಕು.

ನಗು ಬರಲಿಲ್ಲ. ಮೊದಲು ಸಿಟ್ಟು ಬಂತು. ನನಗೆ ಬಾಗಿಲು ಮುಚ್ಚಿದವರು ನಾನು ಹೋದ ದಾರಿಯಲ್ಲೇ ಹೋಗಿದ್ದಾರೆ. ನನ್ನ ಕೈಯಿಂದ ಕಿತ್ತುಕೊಂಡ ಶರ್ಟನ್ನು ಅಗ್ಗಕ್ಕೆ ಹೊಲಿಯಲು ಕಂಪನಿಯವರಿಗೆ ಸಿಕ್ಕಿದ್ದು ನನ್ನ ಅತ್ತೆಯೇ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂದು ಕೇಳಿದ್ದೆ. ಇಬ್ಬರಿಗೂ ಒಂದೇ ಲೈನು ಎಂದು ಯಾರೂ ಹೇಳಿರಲಿಲ್ಲ. ಆಮೇಲೆ ಆ ಎರಡು ಸಾಲು ಹೊಲಿಗೆಯನ್ನು ಮತ್ತೆ ನೋಡಿದೆ. ನನ್ನ ಹೊಟ್ಟೆ ಬರಿದಾಗಬಾರದೆಂದು ಕಾಳು ಇಟ್ಟವರ ಮೇಲೆ ಎಷ್ಟು ಹೊತ್ತು ಸಿಟ್ಟು ಇಟ್ಟುಕೊಳ್ಳಲಿ? ಅಳು ಬಂತು. ಅತ್ತೆ.

ಈ ಕಾಗದವನ್ನು ಹರಿದುಹಾಕಬಹುದಿತ್ತು. ಹರಿಯುವುದಿಲ್ಲ. ಬಾಯಿಬಿಟ್ಟು ಒಂದು ಮಾತು ಹೇಳದೆ ನೀವು ನನ್ನನ್ನು ಎಲ್ಲಿಯವರೆಗೆ ನಡೆಸಿದಿರಿ ಎಂದು ಪೂರ್ತಿ ಓದಿ ತಿಳಿದುಕೊಳ್ಳಿ. ಹೇಮಶ್ರೀ ಯಾರೆಂದೂ ಬಂದು ಕಣ್ಣಾರೆ ನೋಡಿಯೇ ನಂಬುತ್ತೇನೆ. ವ್ಯಾನಿನಲ್ಲಿ ಅತ್ತೆಯ ಪಕ್ಕ ಕೂರುವ ಹುಡುಗಿಯಾಗಿದ್ದರೆ ಸಂತೋಷ.

ಸಹಿಯನ್ನು ಅತ್ತೆಯ ಹತ್ತಿರ ಕೂತು ಮಾತಾಡಿದ ಮೇಲೆ ಹಾಕುತ್ತೇನೆ. ಗೋಡೆಗೂ ಒಲೆಗೂ ಅಲ್ಲ, ಮುಖಕ್ಕೆ ಮುಖ ಕೊಟ್ಟು. ಒಂದೇ ಶರ್ಟಿಗೆ ಇಲ್ಲಿ ಎಷ್ಟು ಕೊಡುತ್ತಿದ್ದರು, ಅಲ್ಲಿ ಎಷ್ಟು ಕೊಡುತ್ತಿದ್ದಾರೆ ಎಂದು ಅವರಿಗೆ ಯಾರೂ ಹೇಳಿರುವುದಿಲ್ಲ. ಅದನ್ನು ಕೇಳಿದರೆ ನನಗೆ ಬೈದ ಬಾಯಿ ಯಾರಿಗೆ ಬೈಯುತ್ತದೆ ಎಂದು ನೋಡಬೇಕು.

ಶುಕ್ರವಾರ ರಜೆ ಹಾಕಿ ಬರುತ್ತೇನೆ. ಸಂಜೆ ವ್ಯಾನ್ ನಿಲ್ಲುವ ಹೊತ್ತಿಗೆ, ಅವತ್ತು ಅವರು ನಿಂತಿದ್ದ ಬಾಗಿಲಲ್ಲೇ ನಾನು ನಿಂತಿರುತ್ತೇನೆ. ಮುಂಚೆ ಅವರಿಗೆ ಹೇಳಬೇಡಿ, ನಿಮಗೆ ಮಾನಸಳ ಆಣೆ. ಇಷ್ಟು ಮಾತ್ರ ನಿಮ್ಮ ಮಾತು ಎಂಬಂತೆ ಹೇಳಿ: ಮೂಲೆಗೆ ಬಂದಾಗ ಸೂಜಿಯನ್ನು ಬಟ್ಟೆಯಲ್ಲೇ ಇಳಿಸಿಟ್ಟು, ಮಷೀನಿನ ಪಾದ ಎತ್ತಿ, ಆಮೇಲೆ ಬಟ್ಟೆ ತಿರುಗಿಸಬೇಕಂತೆ. ಮೂಲೆ ಚೂಪಾಗಿ ಬರುತ್ತದೆ.

ರಾಗಿಯನ್ನು ಇದ್ದ ಮೂಲೆಯಲ್ಲೇ ಇಟ್ಟು ಹೊಲಿಯುತ್ತೇನೆ. ಶುಕ್ರವಾರ ನಾಲ್ಕು ಜನಕ್ಕೆ ಎಸರಿಡಿ.